ಮಳೆಗಾಲದ ಊರಿನಲ್ಲಿ ಗಿಟಾರು

ನಮ್ಮ ಶಾಲೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಪ್ರತಿ ವರುಷವೂ ಜೂನ್ ತಿಂಗಳಲ್ಲಿ ಬಹು ಉತ್ಸಾಹದಿಂದ ಗಿಟಾರು ಕಲಿಯಲಾರಂಭಿಸಿ, ಆಗಸ್ಟ್ ತಿಂಗಳು ಮುಗಿಯುವದರೊಳಗೆ ಅದನ್ನು ಕೈಬಿಡುವದುಂಟು. ಕಾರಣವೇನೆಂದು ಹೆತ್ತವರನ್ನು ವಿಚಾರಿಸಿದರೆ, ಹುಡುಗಿಗೆ ಸ್ವರಜ್ಞಾನವಿಲ್ಲ, ಬೆರಳುಗಳು ಮೆತ್ತಗಿವೆ, ಇಲ್ಲವೆ ಅವಳಿಗೆ ತಾಳ್ಮೆ ಸಾಲದು ಎಂಬ ಉತ್ತರವು ದೊರೆಯುವದು. ಈ ಮಾತನ್ನು ಒಪ್ಪಿಕೊಳ್ಳುವದಕ್ಕೆ ಮುಂಚೆ ಆ ವಾದ್ಯವನ್ನು ಒಂದು ಸಾರಿ ಅಳೆದು ನೋಡತಕ್ಕದ್ದೆಂದು ನನ್ನ ಅಭಿಪ್ರಾಯವು. ಯಾಕಂದರೆ ಜೂನಿನಿಂದ ಆಗಸ್ಟಿನ ತನಕದ ಮೂರು ತಿಂಗಳುಗಳೇ ನಮ್ಮ ಊರಿನಲ್ಲಿ ಮರದ ವಾದ್ಯಗಳು ಕೆಡುವ ಕಾಲವಾಗಿರುತ್ತವೆ. ಅನೇಕ ವೇಳೆ ಸೋತದ್ದು ಗಿಟಾರು. ದೂರು ಬಂದದ್ದು ಹುಡುಗಿಯ ಮೇಲೆ. ಆದಕಾರಣ ಈ ವಾದ್ಯದ ಪೋಷಣೆಯನ್ನೂ, ಅದನ್ನು ನುಡಿಸುವವರಿಗೆ ಅವಶ್ಯವಾದಷ್ಟು ಸಂಗೀತಶಾಸ್ತ್ರವನ್ನೂ ಕುರಿತು ಹೆತ್ತವರಿಗೂ ಹಳೇ ವಿದ್ಯಾರ್ಥಿನಿಯರಿಗೂ ಉಪಯೋಗವಾಗುವಂತೆ ನಾಲ್ಕು ಮಾತುಗಳನ್ನು ಬರೆಯುತ್ತೇನೆ.

ಗಿಟಾರು ನಮ್ಮ ಜಿಲ್ಲೆಯ ಮನೆಗಳಲ್ಲಿ ಹಾರ್ಮೋನಿಯಮಿನಷ್ಟು ಹಳೆಯದಲ್ಲ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅದರ ಹಿಂದಿನ ವರುಷವೇ ಕ್ರಿಶ್ಚಿಯನ್ ಫ್ರೆಡ್ರಿಕ್ ಮಾರ್ಟಿನ್ ಎಂಬ ಜರ್ಮನಿಯ ಕುಶಲಕರ್ಮಿಯು ಅಮೇರಿಕೆಗೆ ಹೋಗಿ ನ್ಯೂಯಾರ್ಕ್ ಪಟ್ಟಣದಲ್ಲಿ ಗಿಟಾರು ಮಾಡಲಾರಂಭಿಸಿದನು. ಇಂದು ನಾವು ಕಾಣುವ ಉಕ್ಕಿನ ತಂತಿಯ ಗಿಟಾರಿನ ವಂಶವು ಬಹುಮಟ್ಟಿಗೆ ಅವನ ಕಾರ್ಖಾನೆಯಿಂದ ಇಳಿದು ಬಂದದ್ದು. ನೈಲಾನ್ ತಂತಿಯ ಗಿಟಾರಿಗೆ ಈಗಿರುವ ಆಕಾರವನ್ನು ಕೊಟ್ಟವನಾದರೋ ಸ್ಪೇನ್ ದೇಶದ ಆಂಟೋನಿಯೋ ದೆ ತೋರ್ರೆಸ್ ಎಂಬವನು (1817–1892). ಕಥೋಲಿಕ ದೇವಾಲಯಗಳಲ್ಲಿ ಬಹುಕಾಲ ಆರ್ಗನಿಗೇ ಅಗ್ರಸ್ಥಾನವಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ದಶಂಬರ 4ರಂದು ಆರಾಧನೆಯ ವಿಷಯವಾಗಿ ಹೊರಡಿಸಿದ ಶಾಸನದಲ್ಲಿ ಆ ಗೌರವವನ್ನು ಉಳಿಸಿಕೊಂಡೇ, ತಕ್ಕವಾದ ಬೇರೆ ವಾದ್ಯಗಳಿಗೂ ದೇಶಭಾಷೆಗಳಿಗೂ ಎಡೆಯನ್ನು ಮಾಡಿಕೊಟ್ಟಿತು. ಇತ್ತ ದೇವಾಲಯದ ಹೊರಗೆ, ಕೊಂಕಣ್ ಕೋಗುಳ್ ಎಂದು ಹೆಸರಾದ ವಿಲ್ಫಿ ರೆಬಿಂಬಸರು (1942–2010) ರಚಿಸಿ ಹಾಡಿದ ಪದಗಳು ಮನೆಮನೆಗೆ ಮುಟ್ಟಿದವು. 1986ರಲ್ಲಿ ಸ್ಥಾಪಿತವಾದ ಮಾಂಡ್ ಸೊಭಾಣ್ ಸಂಸ್ಥೆಯವರು ಶಕ್ತಿನಗರದ ಕಲಾಂಗಣದಲ್ಲಿ 2008ರ ಜನವರಿ ತಿಂಗಳಲ್ಲಿ 40 ತಾಸು ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿಸಿ ಗಿನ್ನೆಸ್ ದಾಖಲೆಗೆ ಸೇರಿದರು. ಇಂಥ ಊರಿನಲ್ಲಿ ಗಿಟಾರನ್ನು ಪರಕೀಯ ವಾದ್ಯವೆನ್ನಲಾಗದು. ಆದರೆ ಅದನ್ನು ಮಾಡುವವರು ನಮ್ಮ ಮಳೆಯನ್ನು ಮನಸ್ಸಿನಲ್ಲಿಟ್ಟು ಮಾಡುವದಿಲ್ಲವೆಂಬದು ನೆನಪಿರಬೇಕು.

ವೀಣೆಯನ್ನು ಬಲ್ಲವರಿಗೆ ಗಿಟಾರಿನ ಅಂಗಗಳು ಹೊಸವಲ್ಲ. ಶ್ರುತಿ ಮಾಡುವದಕ್ಕಾಗಿ ತಿರುಗಿಸುವವು ಬಿರಡೆಗಳು. ಉದ್ದನೆಯ ಕುತ್ತಿಗೆಯು ದಂಡಿ. ಅದರ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಕಂಬಿಗಳು ಮೆಟ್ಟುಗಳು. ಇವನ್ನು ಹುಡುಗಿಯರು ಫ್ರೆಟ್ ಎನ್ನುತ್ತಾರೆ. ವೀಣೆಯ ಮೆಟ್ಟುಗಳನ್ನು ಮೇಣದಲ್ಲಿ ಕೂರಿಸುವದರಿಂದ ಬೇಕಾದಾಗ ಸರಿಪಡಿಸಬಹುದು. ಗಿಟಾರಿನವು ಮರದ ಸೀಳಿನೊಳಗೆ ಬಡಿದು ಕೂರಿಸಿದವು, ಅಲುಗಿಸಲಾಗದು. ತಂತಿಗಳ ಕೊನೆಯನ್ನು ಹಿಡಿದುಕೊಂಡು ಮೇಲ್ಹಲಗೆಗೆ ಅಂಟಿರುವ ಮರದ ತುಂಡು ಕುದುರೆ. ಕುದುರೆಯ ಸೀಳಿನಲ್ಲಿ ಎಲುಬಿನ ಇಲ್ಲವೆ ಪ್ಲಾಸ್ಟಿಕಿನ ಬಿಳೀ ಪಟ್ಟಿಯೊಂದು ನಿಂತಿರುವದು; ಅದಕ್ಕೆ ಸ್ಯಾಡ್ಲ್ ಎಂದು ಹೆಸರು. ಬಿರಡೆಗಳ ಸಮೀಪದಲ್ಲಿ ತಂತಿಗಳು ಹಾದು ಹೋಗುವ ಕಚ್ಚುಗಳುಳ್ಳ ಮತ್ತೊಂದು ಪಟ್ಟಿಯು ನಟ್ ಎನಿಸುವದು. ಈ ಎರಡು ಸಣ್ಣ ಪಟ್ಟಿಗಳಲ್ಲಿಯೇ ಮಗುವಿನ ಕಷ್ಟಸುಖಗಳ ಬಹುಭಾಗವು ಅಡಗಿದೆ.

ಮಂಗಳೂರಿನಲ್ಲಿ ವರುಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆಯು ಬೀಳುವದು. ಅದರಲ್ಲಿ ದೊಡ್ಡ ಪಾಲು ಜೂನಿನಿಂದ ಸಪ್ಟೆಂಬರಿನೊಳಗೆ ಸುರಿದು ಹೋಗುವದು. ಗಿಟಾರು ಮಾಡುವವರು ತಮ್ಮ ವಾದ್ಯಕ್ಕೆ ಹಿತವೆಂದು ಹೇಳುವ ಗಾಳಿಯ ತೇವವು ಶೇಕಡಾ 45ರಿಂದ 55. ನಮ್ಮ ಜುಲಾಯಿ ತಿಂಗಳಿನಲ್ಲಿ ಅದು ಶೇಕಡಾ 90ರ ಹತ್ತಿರ ಬರುವದು. ಮರವು ತೇವವನ್ನು ಹೀರಿದಾಗ ನಾರಿನ ಉದ್ದಕ್ಕೆ ಬೆಳೆಯುವದು ಅತ್ಯಲ್ಪ, ನಾರಿಗೆ ಅಡ್ಡವಾಗಿ ಹಿಗ್ಗುವದೇ ಹೆಚ್ಚು. ಆಷಾಢದಲ್ಲಿ ಮನೆಯ ಬಾಗಿಲು ಕಟ್ಟಿಗೆ ಸಿಕ್ಕಿ ಮುಚ್ಚದಿರುವದು ಇದರಿಂದಲೇ. ಬಾಗಿಲಿಗಾದರೋ ಆಚಾರಿಯನ್ನು ಕರೆದು ಎರಡು ಉಜ್ಜು ಕೊಡಿಸಿದರಾಯಿತು. ಗಿಟಾರಿನ ಮೇಲ್ಹಲಗೆಯು ಮೂರು ಮಿಲಿಮೀಟರಿಗಿಂತ ತೆಳ್ಳಗಿನದು. ಅದರ ಅಂಚುಗಳು ಸುತ್ತಲೂ ಅಂಟಿಕೊಂಡಿವೆ, ಒಳಗಡೆಯಲ್ಲಿ ಆಧಾರಪಟ್ಟಿಗಳು ಅಡ್ಡಲಾಗಿ ಅಂಟಿಕೊಂಡಿವೆ. ಅಗಲವಾಗುವದಕ್ಕೆ ಎಡೆಯಿಲ್ಲದ ಕಾರಣ ಅದು ಹಪ್ಪಳದಂತೆ ಮೇಲಕ್ಕೆ ಉಬ್ಬುವದು. ಉಬ್ಬಿದ ಹಲಗೆಯ ಸಂಗಡ ಕುದುರೆಯೂ ಏಳುವದು. ಕುದುರೆಯ ಸಂಗಡ ತಂತಿಗಳೂ ಏಳುವವು. ಮೇ ತಿಂಗಳಲ್ಲಿ ಸುಲಭವಾಗಿ ಒತ್ತಲಾಗುತ್ತಿದ್ದ ತಂತಿಯು ಜುಲಾಯಿಯಲ್ಲಿ ಎಳೆಯ ಬೆರಳುಗಳನ್ನು ಕೊಯ್ಯುವದು ಇದೇ ಕಾರಣದಿಂದ.

ಇಲ್ಲಿ ಮರದ ವಿಷಯವಾಗಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಲೋಕದ ಉತ್ತಮ ಗಿಟಾರುಗಳ ಹಿಂಭಾಗಕ್ಕೂ ಪಕ್ಕಗಳಿಗೂ ಬಳಸುವ ಮರಗಳಲ್ಲಿ ಒಂದು ನಮ್ಮ ಪಶ್ಚಿಮ ಘಟ್ಟದ ಬೀಟೆ. ಅಜ್ಜಿಯಂದಿರ ಮಂಚ ಕಪಾಟುಗಳಲ್ಲಿ ನಾವು ಕಂಡ ಅದೇ ಮರವು. ಮೊದಲು ಬ್ರೆಜಿಲ್ ದೇಶದ ಬೀಟೆಯನ್ನು ಬಳಸುತ್ತಿದ್ದ ಮಾರ್ಟಿನ್ ಕಂಪೆನಿಯು 1969ರ ಸುಮಾರಿಗೆ ಭಾರತದ ಬೀಟೆಗೆ ತಿರುಗಿತು. 2017ರ ಜನವರಿ 2ರಿಂದ ಬೀಟೆಯ ಜಾತಿಯ ಎಲ್ಲಾ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟೀಸ್ ಒಪ್ಪಂದದ ಪ್ರಕಾರ ಪರವಾನಗಿಯು ಬೇಕಾಯಿತು. 2019ರ ನವಂಬರದಿಂದ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿಯು ದೊರೆತಿದೆ. ಬೀಟೆಯ ಗಿಟಾರು ಸುಂದರವೂ ಸುನಾದವೂ ಆದದ್ದು ನಿಜವೇ. ಆದರೂ ಮೊದಲು ಕಲಿಯುವ ಹುಡುಗಿಗೆ ಅಖಂಡ ಮರದ ಗಿಟಾರನ್ನು ಕೊಳ್ಳಬಾರದೆಂದು ನನ್ನ ಸಲಹೆಯು. ತೆಳು ಪದರಗಳನ್ನು ಒಂದರ ಮೇಲೊಂದು ಅಡ್ಡಲಾಗಿ ಅಂಟಿಸಿ ಮಾಡಿದ ಪ್ಲೈವುಡ್ ಹಲಗೆಯು ನಾದದಲ್ಲಿ ಕೊಂಚ ಮಂದವಾದರೂ ತೇವಕ್ಕೆ ಕಡಿಮೆ ಉಬ್ಬುವದು. ಅಂಗಡಿಯವರು ಅದನ್ನು ಕೀಳೆಂದು ಹೇಳಬಹುದು; ಕರಾವಳಿಯ ಮಳೆಯಲ್ಲಿ ಅದೇ ಮೇಲು.

ತಂತಿಯ ಎತ್ತರವನ್ನು ಅಳೆಯುವದು ಹೀಗೆ. ದಂಡಿಯ ಮೇಲೆ ಹನ್ನೆರಡನೆಯ ಮೆಟ್ಟನ್ನು ಎಣಿಸಿ ಹಿಡಿಯಿರಿ. ಸಾಮಾನ್ಯವಾಗಿ ಅಲ್ಲಿ ಎರಡು ಚುಕ್ಕೆಗಳಿರುವವು. ಮೆಟ್ಟಿನ ನೆತ್ತಿಯಿಂದ ತಂತಿಯ ಅಡಿಯ ತನಕ ಎಷ್ಟು ಎಡೆಯುಂಟೆಂದು ಉಕ್ಕಿನ ಅಳತೆಪಟ್ಟಿಯಿಂದ ನೋಡಿರಿ. ಕಂಪಾಸು ಪೆಟ್ಟಿಗೆಯ ಪ್ಲಾಸ್ಟಿಕ್ ಪಟ್ಟಿಯು ಇದಕ್ಕೆ ಒಗ್ಗದು, ಯಾಕಂದರೆ ಅದರಲ್ಲಿ ಸೊನ್ನೆಯ ಗೆರೆಗೆ ಮೊದಲು ಸ್ವಲ್ಪ ಅಂಚು ಬಿಟ್ಟಿರುವದು. ಉಕ್ಕಿನ ತಂತಿಯ ಗಿಟಾರಿನಲ್ಲಿ ದಪ್ಪ ತಂತಿಯ ಕೆಳಗೆ ಸುಮಾರು 2.5, ತೆಳು ತಂತಿಯ ಕೆಳಗೆ ಸುಮಾರು 2 ಮಿಲಿಮೀಟರ್ ಇದ್ದರೆ ಮಗುವು ಸುಖವಾಗಿ ನುಡಿಸುವದು. ನೈಲಾನ್ ತಂತಿಗಳಿಗೆ ಒಂದು ಮಿಲಿಮೀಟರಿನಷ್ಟು ಹೆಚ್ಚು ಇರಬಹುದು.

ಕೆಲವು ವರುಷಗಳ ಹಿಂದೆ ಎಂಟನೆಯ ತರಗತಿಯ ಹುಡುಗಿಯೊಬ್ಬಳ ತಂದೆಯು ಅವಳ ಗಿಟಾರನ್ನು ಶಾಲೆಗೆ ಕೊಟ್ಟುಬಿಡುವ ಉದ್ದೇಶದಿಂದ ತಂದು, "ಟೀಚರೇ, ಇವಳಿಗೆ ಸ್ವರಜ್ಞಾನ ಇಲ್ಲ ಅಂತ ಕಾಣ್ತದೆ. ಶ್ರುತಿ ಸರಿ ಮಾಡಿ ಕೊಟ್ಟರೂ ನುಡಿಸುವಾಗ ಅಪಸ್ವರ ಬರ್ತದೆ" ಎಂದರು. ಹುಡುಗಿಯು ತಲೆ ತಗ್ಗಿಸಿ ನಿಂತಿದ್ದಳು. ಅಳೆದಾಗ ಹನ್ನೆರಡನೆಯ ಮೆಟ್ಟಿನಲ್ಲಿ 3.5 ಮಿಲಿಮೀಟರ್ ಎಡೆಯಿತ್ತು. ಅದಲ್ಲದೆ ನಟ್ಟಿನ ಕಚ್ಚುಗಳನ್ನು ಸಾಕಷ್ಟು ಆಳವಾಗಿ ಕೊರೆದಿರಲಿಲ್ಲ. ತಂತಿಯು ಎತ್ತರವಾಗಿದ್ದಾಗ ಅದನ್ನು ಮೆಟ್ಟಿಗೆ ಮುಟ್ಟಿಸುವದಕ್ಕಾಗಿ ಹೆಚ್ಚು ದೂರ ಒತ್ತಬೇಕಾಗುವದು. ಒತ್ತಿದಷ್ಟೂ ತಂತಿಯ ಬಿಗಿಯು ಏರುವದು. ಬಿಗಿಯು ಏರಿದಷ್ಟೂ ಸ್ವರವು ಏರುವದು. ಬಿಟ್ಟ ತಂತಿಯು ಸರಿಯಾಗಿ ನುಡಿದು ಒತ್ತಿದ ತಂತಿಯು ಶ್ರುತಿ ಮೀರಿದರೆ, ಅವೆರಡನ್ನು ಕೂಡಿಸಿದಾಗ ಅಪಸ್ವರವಲ್ಲದೆ ಇನ್ನೇನು ಬಂದೀತು? ಆ ಅಪಸ್ವರವನ್ನು ಕೇಳಿ ಹುಡುಗಿಯು ಬೇಸರಗೊಂಡಿದ್ದಳೆಂಬದೇ ಅವಳಿಗೆ ಕಿವಿಯುಂಟೆಂಬದಕ್ಕೆ ಸಾಕ್ಷಿಯು. ಗಿಟಾರನ್ನು ಸರಿಪಡಿಸಿ ಅವಳ ಕೈಗೇ ಹಿಂದಕ್ಕೆ ಕೊಡೋಣವಾಯಿತು. ಹತ್ತನೆಯ ತರಗತಿಯನ್ನು ಮುಗಿಸುವ ತನಕ ಅವಳು ನಮ್ಮ ಪ್ರಾರ್ಥನಾಕೂಟಗಳಲ್ಲಿ ಅದನ್ನು ನುಡಿಸಿದಳು.

ಸರಿಪಡಿಸಿದ ಕ್ರಮವು ಒಂಬತ್ತನೆಯ ತರಗತಿಯ ರೇಖಾಗಣಿತವನ್ನು ಮೀರಿದ್ದಲ್ಲ. ಹನ್ನೆರಡನೆಯ ಮೆಟ್ಟು ನಟ್ಟಿಗೂ ಸ್ಯಾಡ್ಲಿಗೂ ನಟ್ಟನಡುವೆ ಇರುವದರಿಂದ, ಅಲ್ಲಿ ತಂತಿಯನ್ನು ಒಂದು ಮಿಲಿಮೀಟರ್ ಇಳಿಸಬೇಕಾದರೆ ಸ್ಯಾಡ್ಲಿನಲ್ಲಿ ಎರಡು ಮಿಲಿಮೀಟರ್ ಕಡಿಮೆ ಮಾಡಬೇಕು. ಸಮರೂಪ ತ್ರಿಕೋನಗಳನ್ನು ಬಲ್ಲ ಹುಡುಗಿಯು ಇದನ್ನು ತಾನೇ ಸಾಧಿಸಿ ತೋರಿಸುವಳು. ತಂತಿಗಳನ್ನು ಸಡಿಲಿಸಿ, ಸ್ಯಾಡ್ಲನ್ನು ಸೀಳಿನಿಂದ ಮೇಲಕ್ಕೆ ಎಳೆದು, ತೆಗೆಯಬೇಕಾದಷ್ಟಕ್ಕೆ ಪೆನ್ಸಿಲಿನಿಂದ ಗೆರೆ ಹಾಕಿ, ಸಮತಟ್ಟಾದ ಮೇಜಿನ ಮೇಲೆ ಹಾಸಿದ ಮರಳುಕಾಗದಕ್ಕೆ ಅದರ ಅಡಿಯನ್ನು ಉಜ್ಜತಕ್ಕದ್ದು. ನೆತ್ತಿಯನ್ನು ಮುಟ್ಟಲೇ ಕೂಡದು. ಅದರ ವಕ್ರತೆಯನ್ನು ಸ್ವರದ ಶುದ್ಧಿಗಾಗಿಯೇ ತಿದ್ದಿರುವರು. ಅಡಿಯು ಓರೆಯಾದರೆ ತಂತಿಯ ನಾದವು ಹಲಗೆಗೆ ಸರಿಯಾಗಿ ಇಳಿಯದು. ಅವಸರಪಡದೆ ನಾಲ್ಕು ಸಾರಿ ಹಾಕಿ ತೆಗೆದು ನೋಡಿದರೆ ಕೆಲಸವು ಅರ್ಧ ತಾಸಿನದು.

ಆದರೆ ಮಳೆಗಾಲದಲ್ಲಿ ಹೀಗೆ ತಗ್ಗಿಸಿದ ಗಿಟಾರು ಜನವರಿಯಲ್ಲಿ ಹಲಗೆಯು ಒಣಗಿ ಇಳಿದಾಗ ಮೆಟ್ಟುಗಳಿಗೆ ತಗಲಿ ಕಿರಗುಟ್ಟುವದು. ಇದಕ್ಕೆ ಉಪಾಯವೇನಂದರೆ ಎರಡು ಸ್ಯಾಡ್ಲುಗಳನ್ನು ಇಟ್ಟುಕೊಳ್ಳುವದು: ಮಳೆಗಾಲಕ್ಕೆ ತಗ್ಗಿನದು, ಬೇಸಗೆಗೆ ಮೊದಲಿನದು. ಹೊಸ ಸ್ಯಾಡ್ಲಿಗೆ ಗಿಟಾರಿನ ಬೆಲೆಯ ಅತ್ಯಲ್ಪ ಭಾಗವೂ ತಗಲದು. ಚಳಿಯ ದೇಶಗಳಲ್ಲಿ ಮನೆಯೊಳಗೆ ಬೆಂಕಿಯನ್ನು ಕಾಯಿಸುವ ತಿಂಗಳುಗಳಿಗೂ ಬೇಸಗೆಗೂ ಹೀಗೆಯೇ ಎರಡನ್ನು ಇಡುವ ವಾದಕರು ಇದ್ದಾರೆ.

ನಟ್ಟಿನ ಪರೀಕ್ಷೆಯು ಇನ್ನೂ ಸುಲಭ. ತಂತಿಯನ್ನು ಮೂರನೆಯ ಮೆಟ್ಟಿನ ಮೇಲೆ ಒತ್ತಿ ಹಿಡಿದು, ಮೊದಲನೆಯ ಮೆಟ್ಟಿನ ಮೇಲೆ ಎಷ್ಟು ಎಡೆಯುಂಟೆಂದು ನೋಡಬೇಕು. ಕೂದಲೆಳೆಯಷ್ಟು ಕಂಡರೆ ಸರಿ. ಹೆಚ್ಚಾಗಿದ್ದರೆ ಕಚ್ಚನ್ನು ಆಳ ಮಾಡಬೇಕು. ಇದಕ್ಕೆ ತಂತಿಯ ದಪ್ಪಕ್ಕೆ ಒಪ್ಪುವ ಸಣ್ಣ ಅರಗಳು ಬೇಕು, ಒಂದು ಉಜ್ಜು ಹೆಚ್ಚಾದರೆ ನಟ್ಟು ಕೆಟ್ಟಿತು; ಆದದರಿಂದ ಈ ಕೆಲಸವನ್ನು ಬಲ್ಲವರಿಗೇ ಬಿಡತಕ್ಕದ್ದು. ದಂಡಿಯೊಳಗೆ ಅಡಗಿರುವ ಟ್ರಸ್ ರಾಡ್ ಎಂಬ ಉಕ್ಕಿನ ಸಲಾಕೆಯ ವಿಷಯವೂ ಅಂಥದೇ. ಗಿಬ್ಸನ್ ಕಂಪೆನಿಯಲ್ಲಿದ್ದ ಥೇಡಿಯಸ್ ಮೆಕ್‌ಹ್ಯೂ ಎಂಬವನ ಹೆಸರಿನಲ್ಲಿ 1923ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ತಂತಿಗಳ ಎಳೆತಕ್ಕೆ ಬಾಗುವ ದಂಡಿಯನ್ನು ಅದು ನೆಟ್ಟಗೆ ನಿಲ್ಲಿಸುವದು. ತಂತಿಯನ್ನು ಮೊದಲನೆಯ ಮತ್ತು ಹದಿನಾಲ್ಕನೆಯ ಮೆಟ್ಟುಗಳಲ್ಲಿ ಒಟ್ಟಿಗೆ ಒತ್ತಿದಾಗ ನಡುವಿನ ಏಳನೆಯ ಮೆಟ್ಟಿನ ಮೇಲೆ ವಿಸಿಟಿಂಗ್ ಕಾರ್ಡು ನುಸುಳುವಷ್ಟು ಎಡೆಯಿದ್ದರೆ ದಂಡಿಯು ಸರಿಯಾಗಿದೆಯೆಂದು ತಿಳಿಯಿರಿ. ಅಣ್ಣತಮ್ಮಂದಿರು ಅಲೆನ್ ಕೀಲಿಯನ್ನು ತಂದು ಅದನ್ನು ಸುತ್ತುಗಟ್ಟಲೆ ತಿರುಗಿಸುವದನ್ನು ತಾಯಂದಿರು ತಡೆಯಬೇಕು. ಒಂದು ಸಾರಿಗೆ ಕಾಲು ಸುತ್ತಿಗಿಂತ ಹೆಚ್ಚು ಅದು ತಾಳದು.

ತಂತಿಗಳನ್ನು ಕುರಿತು ಎರಡು ಸಂಗತಿಗಳು. ಉಕ್ಕಿನ ಆರು ತಂತಿಗಳು ಶ್ರುತಿಯಲ್ಲಿರುವಾಗ ಅವುಗಳ ಒಟ್ಟು ಎಳೆತವು 70 ಕಿಲೋಗ್ರಾಮಿಗೂ ಮೇಲೆ, ಅಂದರೆ ಹೆಚ್ಚುಕಡಿಮೆ ಒಂದೂವರೆ ಮೂಟೆ ಅಕ್ಕಿಯ ಭಾರವು. ನೈಲಾನ್ ತಂತಿಗಳದ್ದು ಸುಮಾರು 40. ನೈಲಾನಿಗಾಗಿ ಮಾಡಿದ ಗಿಟಾರಿಗೆ ಉಕ್ಕಿನ ತಂತಿಗಳನ್ನು ಕಟ್ಟಿದರೆ ಕುದುರೆಯು ಕಿತ್ತು ಬರುವದು, ಇಲ್ಲವೆ ಹಲಗೆಯು ಕುಸಿಯುವದು. ನಾದವು ಗಟ್ಟಿಯಾಗಲಿ ಎಂಬ ಆಸೆಯಿಂದ ಹೀಗೆ ಮಾಡಿ ಕೆಡಿಸಿದ ವಾದ್ಯಗಳನ್ನು ಎಷ್ಟೋ ನೋಡಿದ್ದೇನೆ. ಎರಡನೆಯದು, ಸಮುದ್ರದ ಉಪ್ಪುಗಾಳಿಯೂ ಕೈಯ ಬೆವರೂ ಕೂಡಿದಾಗ ತಂತಿಯು ಬೇಗನೆ ತುಕ್ಕು ಹಿಡಿಯುವದು. ತುಕ್ಕು ಹಿಡಿದ ತಂತಿಯು ಎಲ್ಲಾ ಕಡೆಯಲ್ಲಿಯೂ ಒಂದೇ ದಪ್ಪವಾಗಿರದ ಕಾರಣ ಯಾವ ಉಪಾಯದಿಂದಲೂ ಶ್ರುತಿಗೆ ನಿಲ್ಲದು. ನುಡಿಸುವ ಮುಂಚೆ ಕೈ ತೊಳೆಯುವದು, ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿಗಳ ಮೇಲ್ಭಾಗವನ್ನೂ ಅಡಿಯನ್ನೂ ಒರಸುವದು, ದಿನಾಲು ನುಡಿಸುವವರು ಎರಡು ಮೂರು ತಿಂಗಳಿಗೊಮ್ಮೆ ಹೊಸ ತಂತಿಯನ್ನು ಹಾಕುವದು, ಇಷ್ಟು ಸಾಕು. ದಂಡಿಯ ಬರೀ ಮರಕ್ಕೆ ಎಣ್ಣೆ ಹಚ್ಚುವದಾದರೆ ವರುಷಕ್ಕೆ ಒಂದೆರಡು ಸಾರಿ, ಅದಕ್ಕೆಂದೇ ಮಾರುವ ಎಣ್ಣೆಯ ಕೆಲವು ತೊಟ್ಟುಗಳು ಮಾತ್ರ. ತೆಂಗಿನೆಣ್ಣೆಯು ನಮ್ಮಲ್ಲಿ ತಲೆಗೂ ಬಾಣಲೆಗೂ ಒಳ್ಳೆಯದೇ. ಗಿಟಾರಿನ ಮೇಲೆ ಅದು ಜಿಡ್ಡುಗಟ್ಟಿ ಧೂಳನ್ನು ಹಿಡಿಯುವದು.

ಕುದುರೆಯು ಹಿಂದುಗಡೆಯಿಂದ ಎದ್ದಿದೆಯೋ ಎಂದು ತಿಳಿಯಲು ಕಾಗದದ ಚೂರನ್ನು ಅದರ ಅಂಚಿನ ಅಡಿಯಲ್ಲಿ ತೂರಿಸಿ ನೋಡಬೇಕು. ಕಾಗದವು ಒಳಗೆ ಹೋದರೆ ಕೂಡಲೇ ತಂತಿಗಳನ್ನು ಸಡಿಲಿಸಿರಿ. ಹಳೆಯ ಅಂಟಿನ ಮೇಲೆ ಹೊಸ ಅಂಟು ಹಿಡಿಯದು. ಕುದುರೆಯನ್ನು ಪೂರ್ಣವಾಗಿ ಬಿಡಿಸಿ, ಎರಡೂ ಮೈಗಳನ್ನು ಬರೀ ಮರ ಕಾಣುವ ತನಕ ಶುದ್ಧಮಾಡಿ, ಮರದ ಅಂಟನ್ನು ಹಚ್ಚಿ, ಕ್ಲ್ಯಾಂಪುಗಳಿಂದ ಬಿಗಿದು ಒಂದು ಹಗಲು ಒಂದು ರಾತ್ರಿ ಬಿಡಬೇಕು. ನಮ್ಮ ಊರ ಆಚಾರಿಗಳು ಮರದ ಗುಣವನ್ನು ನಮಗಿಂತ ಚೆನ್ನಾಗಿ ಬಲ್ಲರು. ಹೀಗೆ ಮಾಡಬೇಕೆಂದು ಹೇಳಿದರೆ ಅಂದವಾಗಿ ಮಾಡಿಕೊಡುವರು. ಹೇಳದೆ ಕೊಟ್ಟರೆ ಕುರ್ಚಿಯ ಕಾಲಿಗೆ ಹೊಡೆದಂತೆ ಎರಡು ಸ್ಕ್ರೂಗಳನ್ನು ಹೊಡೆದಾರು, ಅದು ಅವರ ತಪ್ಪಲ್ಲ. ಕ್ಷಣಮಾತ್ರದಲ್ಲಿ ಹಿಡಿಯುವ ಅಂಟನ್ನಂತೂ ಇಲ್ಲಿ ಬಳಸಲೇಬಾರದು.

ಮಳೆಗಾಲದಲ್ಲಿ ಗಿಟಾರನ್ನು ಎಲ್ಲಿ ಇಡಬೇಕು? ಪಡುಗಾಳಿಗೆ ಒಡ್ಡಿದ ಮುರಕಲ್ಲಿನ ಗೋಡೆಯ ಮೇಲೆ ತೂಗಹಾಕಬಾರದು. ಆ ಗೋಡೆಯು ಸಪ್ಟೆಂಬರಿನ ತನಕ ನೀರನ್ನು ಬೆವರುತ್ತಲೇ ಇರುವದು. ಮನೆಯ ಒಳಗೋಡೆಯ ಪಕ್ಕದಲ್ಲಿ ಗಟ್ಟಿ ಪೆಟ್ಟಿಗೆಯೊಳಗೆ, ಸಿಲಿಕಾ ಜೆಲ್ ಎಂಬ ಹರಳುಗಳ ಚೀಲಗಳ ಸಂಗಡ ಇಡಬೇಕು. ಬಣ್ಣ ಬದಲಾಗುವ ಜಾತಿಯ ಹರಳುಗಳನ್ನು ಕೊಂಡರೆ ಅವು ತೇವದಿಂದ ತುಂಬಿದ್ದು ಕಣ್ಣಿಗೆ ಕಾಣುವದು. ಆಗ ಅವನ್ನು ಚೀಲದಿಂದ ತೆಗೆದು, ಅಡಿಗೆಗೆ ಬಳಸದ ಹಳೇ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮೊದಲಿನ ಬಣ್ಣವು ತಿರಿಗಿ ಬರುವದು, ಮತ್ತೆ ಉಪಯೋಗಿಸಬಹುದು. ಪೆಟ್ಟಿಗೆಯನ್ನು ಮುಚ್ಚಿ ಮರೆತುಬಿಟ್ಟರೆ ಬೂಷ್ಟು ಹಿಡಿಯುವದು ನಿಶ್ಚಯ. ಮಳೆಯು ಹೊಳವಾದ ದಿನಗಳಲ್ಲಿ ಒಂದು ತಾಸು ಹೊರಗೆ ತೆಗೆದು ನುಡಿಸುವದೇ ಉತ್ತಮವಾದ ಔಷಧವು. ಬಿಸಿಲಿನಲ್ಲಿ ಮಾತ್ರ ಒಣಗಿಸಬಾರದು, ಮುಚ್ಚಿದ ಕಾರಿನಲ್ಲಿಯೂ ಬಿಡಬಾರದು. ಅಂಟು ಮೆತ್ತಗಾಗಿ ಕುದುರೆಯು ಜಾರುವದು. ಯಕ್ಷಗಾನದ ಮೇಳಗಳು ಪತ್ತನಾಜೆಯಂದು, ಅಂದರೆ ಮೇ ತಿಂಗಳ 24ರ ಸುಮಾರಿಗೆ, ತಿರುಗಾಟವನ್ನು ನಿಲ್ಲಿಸುತ್ತವಷ್ಟೆ. ಗಿಟಾರಿನ ವಾರ್ಷಿಕ ಪರೀಕ್ಷೆಯನ್ನು ಮಾಡುವದಕ್ಕೂ ಅದೇ ಒಳ್ಳೆಯ ದಿನವೆಂದು ನಾವು ಇಟ್ಟುಕೊಂಡಿದ್ದೇವೆ.

ಕುವೈತ, ದುಬಾಯಿ ಮುಂತಾದ ಸ್ಥಳಗಳಲ್ಲಿ ವಾಸಿಸುವ ಹಳೇ ವಿದ್ಯಾರ್ಥಿನಿಯರಿಗೆ ಸಂಕಟವು ತಿರುಗುಮುರುಗಾಗಿರುತ್ತದೆ. ರಾತ್ರಿಹಗಲು ಹವಾನಿಯಂತ್ರಣ ನಡೆಯುವ ಕೋಣೆಯಲ್ಲಿ ಮರವು ಒಣಗಿ ಕುಗ್ಗುವದು. ಮೆಟ್ಟುಗಳ ತುದಿಗಳು ಹೊರಗೆ ಚಾಚಿ ಅಂಗೈಯನ್ನು ಗೀರುವವು. ಕೊನೆಗೆ ಹಲಗೆಯು ಸೀಳುವದು. ಊರಿನಿಂದ ಒಯ್ದ ಗಿಟಾರಿನ ಪೆಟ್ಟಿಗೆಯಲ್ಲಿ ಅವರು ಸಿಲಿಕಾ ಜೆಲ್ಲಿನ ಬದಲಾಗಿ, ರಂಧ್ರಗಳುಳ್ಳ ಸಾಬೂನು ಡಬ್ಬಿಯಲ್ಲಿ ಒದ್ದೆಮಾಡಿ ಚೆನ್ನಾಗಿ ಹಿಂಡಿದ ಸ್ಪಂಜಿನ ತುಂಡನ್ನು ಇಡಬೇಕು.

ಇನ್ನು ಶಾಸ್ತ್ರದ ವಿಷಯ. ಮೆಟ್ಟುಗಳು ದಂಡಿಯ ಮೇಲೆ ಏರಿದಂತೆ ಒಂದಕ್ಕೊಂದು ಹತ್ತಿರವಾಗುವದು ಯಾಕೆಂದು ಹುಡುಗಿಯರು ಕೇಳುವದುಂಟು. ತಂತಿಯ ಅರ್ಧದಲ್ಲಿ ಒತ್ತಿದರೆ ಮೇಲಿನ ಷಡ್ಜವು ಬರುವದು. ಆ ಅರ್ಧವನ್ನು ಹನ್ನೆರಡು ಸಮಾನ ಮೆಟ್ಟಿಲುಗಳಾಗಿ, ಅಂದರೆ ಪ್ರತಿ ಸ್ವರಕ್ಕೂ ಮುಂದಿನ ಸ್ವರಕ್ಕೂ ಒಂದೇ ಪ್ರಮಾಣವಿರುವಂತೆ, ಹಂಚಬೇಕು. ಗೆಲಿಲಿಯೋವಿನ ತಂದೆಯಾದ ವಿಂಚೆನ್ಸೋ ಗೆಲಿಲೈ 1581ರಲ್ಲಿ ಇದಕ್ಕೆ 18ಕ್ಕೆ 17 ಎಂಬ ಪ್ರಮಾಣವನ್ನು ಸೂಚಿಸಿದನು. ಈಗ 18ರ ಬದಲಾಗಿ 17.817 ಎಂಬ ಸಂಖ್ಯೆಯನ್ನು ಹಿಡಿಯುತ್ತಾರೆ. ನಟ್ಟಿನಿಂದ ಸ್ಯಾಡ್ಲಿಗೆ 648 ಮಿಲಿಮೀಟರ್ ಇರುವ ಗಿಟಾರಿನಲ್ಲಿ ಅದನ್ನು 17.817ರಿಂದ ಭಾಗಿಸಿದರೆ 36.4, ಅದು ಮೊದಲನೆಯ ಮೆಟ್ಟಿನ ಸ್ಥಾನವು. ಉಳಿದದ್ದನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ 34.3, ಅದು ಎರಡನೆಯದಕ್ಕೆ. ಹೀಗೆ ಹನ್ನೆರಡು ಸಾರಿ ಮಾಡಿದರೆ 324ಕ್ಕೆ, ಸರಿಯಾಗಿ ಅರ್ಧಕ್ಕೆ, ಬಂದು ನಿಲ್ಲುವದು. ಗಣಿತದ ಉಪಾಧ್ಯಾಯಿನಿಯರು ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಲಿ.

ಈ ಸಮಾನ ಹಂಚಿಕೆಗೆ ನಾವು ಒಂದು ಬೆಲೆಯನ್ನು ತೆರುತ್ತೇವೆ. ಐದನೆಯ ತಂತಿಯು ಸೆಕೆಂಡಿಗೆ 110 ಸಾರಿ ಕಂಪಿಸುವದು. ಅದನ್ನು ಷಡ್ಜವೆಂದಿಟ್ಟರೆ ತಂಬೂರಿಯ ಸಂಗಡ ಹಾಡುವವರ ಶುದ್ಧವಾದ ಅಂತರ ಗಾಂಧಾರವು 137.5ರಲ್ಲಿರುವದು, ಗಿಟಾರಿನ ಮೆಟ್ಟು ಕೊಡುವದು 138.6. ಪಂಚಮದಲ್ಲಿಯಾದರೋ 165ಕ್ಕೆ 164.8, ಕಿವಿಗೆ ತಿಳಿಯದಷ್ಟು. ಆದಕಾರಣ ಒಂದು ಸ್ವರಮೇಳವನ್ನು ಕಿವಿಗೆ ಇಂಪಾಗುವಂತೆ ಬಿರಡೆ ತಿರುಗಿಸಿದ ಹುಡುಗಿಗೆ ಮುಂದಿನ ಸ್ವರಮೇಳವು ಕೆಡುವದು. ಅವಳ ಕಿವಿಯು ಸರಿಯಾಗಿಯೇ ಇದೆ. ವಾದ್ಯವು ಎಲ್ಲಾ ಶ್ರುತಿಗಳಿಗೂ ಒಗ್ಗುವದಕ್ಕಾಗಿ ಪ್ರತಿಯೊಂದರಲ್ಲಿಯೂ ಸ್ವಲ್ಪ ಬಿಟ್ಟುಕೊಟ್ಟಿದೆ ಅಷ್ಟೇ.

ಶ್ರುತಿ ಮಾಡಲು ಈಗ ಕೈಫೋನಿನಲ್ಲಿಯೇ ಸಾಧನವುಂಟು. ಅದನ್ನು ಬಳಸಲಿ, ಆದರೂ ಕಿವಿಯಿಂದ ಮಾಡುವ ಕ್ರಮವನ್ನು ಕಲಿತಿರಬೇಕು. ದಪ್ಪ ತಂತಿಯನ್ನು ಐದನೆಯ ಮೆಟ್ಟಿನಲ್ಲಿ ಒತ್ತಿದರೆ ಮುಂದಿನ ತಂತಿಯ ಸ್ವರವು ಬರುವದು, ಹೀಗೆಯೇ ಮುಂದಕ್ಕೂ. ಮೂರನೆಯ ತಂತಿಯಿಂದ ಎರಡನೆಯದಕ್ಕೆ ಮಾತ್ರ ನಾಲ್ಕನೆಯ ಮೆಟ್ಟು. ಎರಡು ತಂತಿಗಳನ್ನು ಕೂಡಿಸಿ ಮೀಟಿದಾಗ ಒಂದು 110, ಮತ್ತೊಂದು 112 ಆಗಿದ್ದರೆ ಸೆಕೆಂಡಿಗೆ ಎರಡು ಸಾರಿ ನಾದವು ಏರಿ ಇಳಿಯುವದು ಕೇಳಿಸುವದು. ಬಿರಡೆಯನ್ನು ತಿರುಗಿಸಿದಂತೆ ಆ ಅಲೆಗಳು ನಿಧಾನವಾಗಿ, ಕೊನೆಗೆ ಶಾಂತವಾಗುವವು. ಅದೇ ಶ್ರುತಿಯು ಕೂಡಿದ ಗುರುತು.

ಹುಡುಗಿಯರು ಕಾರ್ಡ್ ಎಂದು ಕರೆಯುವ ಸ್ವರಮೇಳಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವದರಿಂದ ಪ್ರಯೋಜನ ಕಡಿಮೆ. ಷಡ್ಜದಿಂದ ನಾಲ್ಕು ಮೆಟ್ಟು ಏರಿದರೆ ಅಂತರ ಗಾಂಧಾರ, ಅಲ್ಲಿಂದ ಮೂರು ಮೆಟ್ಟು ಏರಿದರೆ ಪಂಚಮ. ಸ, ಗ, ಪ ಕೂಡಿದ್ದು ಮೇಜರ್ ಸ್ವರಮೇಳವು. ಮೊದಲು ಮೂರು, ಆಮೇಲೆ ನಾಲ್ಕು ಏರಿದರೆ ಮೈನರ್. ಶಂಕರಾಭರಣದ ಸ್ವರಗಳೇ ಪಾಶ್ಚಾತ್ಯರ ಮೇಜರ್ ಶ್ರೇಣಿಯು. ಅದರಲ್ಲಿ ಸ ಗ ಪ, ಮ ದ ಸ, ಪ ನಿ ರಿ ಎಂಬ ಮೂರೇ ಸ್ವರಮೇಳಗಳನ್ನು ತೆಗೆದುಕೊಂಡರೆ ಏಳು ಸ್ವರಗಳೂ ಒಳಗಾದವೆಂದು ಎಣಿಸಿ ನೋಡಿರಿ. ಈ ಮೂರರಿಂದ ನಮ್ಮ ಸರಳ ಕೀರ್ತನೆಗಳಲ್ಲಿ ಅನೇಕವನ್ನು ನುಡಿಸಬಹುದು. ನಾರ್ವಿಚ್ ಪಟ್ಟಣದ ಸಾರಾ ಗ್ಲೋವರ್ ಎಂಬ ಉಪಾಧ್ಯಾಯಿನಿಯು ಕಲ್ಪಿಸಿ, ಜಾನ್ ಕರ್ವೆನ್ (1816–1880) ಎಂಬವನು ಬೆಳೆಯಿಸಿದ ಟಾನಿಕ್ ಸೋಲ್‌ಫಾ ಪದ್ಧತಿಯಲ್ಲಿಯೂ ಮೊದಲನೆಯ ಸ್ವರವು ಎಲ್ಲಿ ಬೇಕಾದರೂ ನಿಲ್ಲಬಹುದು. ನಮ್ಮ ಷಡ್ಜವೂ ಹಾಗೆಯೇ. ಇದನ್ನು ತಿಳಿದ ಹುಡುಗಿಯು ಕ್ಯಾಪೋ ಎಂಬ ಹಿಡಿಕೆಯ ಗುಟ್ಟನ್ನೂ ತಿಳಿದಳು. ಗಂಡಸರು ಹಾಡಿದ ಹಾಡನ್ನು ಅದೇ ಶ್ರುತಿಯಲ್ಲಿ ಹಾಡಹೋಗಿ ನಮ್ಮ ಬಾಲಕಿಯರ ಧ್ವನಿಯು ಗಂಟಲಲ್ಲಿಯೇ ಉಳಿಯುವದು. ಕ್ಯಾಪೋವನ್ನು ಐದನೆಯ ಮೆಟ್ಟಿಗೆ ಹಿಡಿಸಿ ಜಿ ಎಂಬ ಸ್ವರಮೇಳದ ಆಕಾರವನ್ನೇ ಒತ್ತಿದರೆ ಹೊರಡುವದು ಸಿ; ಬೆರಳುಗಳಿಗೆ ಹೊಸ ಪಾಠವಿಲ್ಲ, ಧ್ವನಿಗೆ ಬಿಡುಗಡೆಯು.

ಆದರೆ ದೇಶೀಯ ರಾಗಗಳಲ್ಲಿ ಕಟ್ಟಿದ ಕನ್ನಡ ಪದಗಳ ಕೆಳಗೆ ಈ ಮೂರು ಸ್ವರಮೇಳಗಳನ್ನು ತುರುಕುವದು ನನಗೆ ಎಂದೂ ಹಿತವೆನಿಸಿಲ್ಲ. ತೋಡಿಯ ಗಾಂಧಾರವು ತೂಗುವದು. ಗಿಟಾರಿನ ಮೆಟ್ಟು ತೂಗದು. ಅಂಥ ಕಡೆಯಲ್ಲಿ ತಂಬೂರಿಯಂತೆ ಸ ಮತ್ತು ಪ ಎರಡನ್ನೇ ಮೆಲ್ಲಗೆ ಮೀಟುತ್ತಾ ಹಾಡಿಗೆ ದಾರಿ ಬಿಡತಕ್ಕದ್ದು.

ಕಡೆಯದಾಗಿ, ಮನೆಯ ಅಟ್ಟದಲ್ಲಿರುವ ಹಳೇ ಗಿಟಾರುಗಳನ್ನು ಶಾಲೆಗೆ ಕೊಡಲಿಚ್ಛಿಸುವ ಹಳೇ ವಿದ್ಯಾರ್ಥಿನಿಯರಿಗೆ ಒಂದು ವಿಜ್ಞಾಪನೆ. ತರುವ ಮುಂಚೆ ತಂತಿಗಳನ್ನು ಎರಡು ಮೂರು ಸುತ್ತು ಸಡಿಲಿಸಿರಿ. ಧ್ವನಿರಂಧ್ರದೊಳಗೆ ದೀಪ ಹಿಡಿದು ಗೆದ್ದಲಿನ ಮಣ್ಣೋ ಹುಳ ಕೊರೆದ ಹಿಟ್ಟೋ ಉಂಟೆಂದು ನೋಡಿರಿ. ಇದ್ದರೆ ಮೊದಲೇ ತಿಳಿಸಿರಿ, ಅದನ್ನು ಬೇರೆ ವಾದ್ಯಗಳ ಕಪಾಟಿನಲ್ಲಿ ಇಡಲಾಗದು. ದೀಪಾವಳಿಯ ಮೇಲೆ, ಗಾಳಿಯು ಒಣಗಿದ ತರುವಾಯ ತಂದರೆ ಅದರ ನಿಜಸ್ಥಿತಿಯು ನಮಗೆ ಗೊತ್ತಾಗುವದು. ಕುದುರೆಯು ಎದ್ದಿದ್ದರೆ ಹಾಗೆಯೇ ತನ್ನಿರಿ. ಅದರ ಕೆಳಗೆ ಯಾವ ಅಂಟನ್ನೂ ಹಾಕದಿರುವದೇ ನಮಗೆ ದೊಡ್ಡ ಉಪಕಾರವು.